ಅನ್ಯಲೋಕಗಳಲ್ಲಿ ಆದಾಮನ ಪ್ರಶ್ನೆ

ಕ್ರಿ.ಶ. 1277ರ ಮಾರ್ಚ್ 7ರಂದು ಪ್ಯಾರಿಸ್ಸಿನ ಬಿಷಪ್ ಎತಿಯೆನ್ ತಾಂಪಿಯೆ 219 ಪ್ರತಿಪಾದನೆಗಳ ಪಟ್ಟಿಯೊಂದನ್ನು ಹೊರಡಿಸಿ, ಅವನ್ನು ಬೋಧಿಸುವುದು ಧರ್ಮಬಾಹಿರವೆಂದು ಸಾರಿದನು. ಆದಿಕಾರಣನಾದ ದೇವರು ಒಂದಕ್ಕಿಂತ ಹೆಚ್ಚು ಲೋಕಗಳನ್ನು ಸೃಷ್ಟಿಸಲಾರನು ಎಂಬ ಮಾತೂ ಆ ಪಟ್ಟಿಯಲ್ಲಿತ್ತು. ಅದು ಅರಿಸ್ಟಾಟಲನ ಭೌತಶಾಸ್ತ್ರದಿಂದ ಬಂದ ತೀರ್ಮಾನ. ಮಣ್ಣಿನ ಸ್ವಭಾವವೇ ವಿಶ್ವದ ಕೇಂದ್ರಕ್ಕೆ ಬೀಳುವುದಾದರೆ ಎರಡು ಲೋಕಗಳಿಗೆ ಎರಡು ಕೇಂದ್ರಗಳು ಬೇಕಾಗುತ್ತವೆ, ಅದು ಅಸಾಧ್ಯ ಎಂಬುದು ಆ ದಾರ್ಶನಿಕನ ತರ್ಕ. ಅನೇಕ ಲೋಕಗಳು ಇವೆಯೆಂದು ಬಿಷಪನು ಹೇಳಲಿಲ್ಲ. ದೇವರಿಂದ ಅದು ಆಗದು ಎನ್ನುವುದನ್ನು ಮಾತ್ರ ನಿಷೇಧಿಸಿದನು. ವಿಚಾರವನ್ನು ಕಟ್ಟಿಹಾಕಲು ಹೊರಡಿಸಿದ ಆಜ್ಞೆಯೇ ಹೀಗೆ ಯೂರೋಪಿನ ಕಲ್ಪನೆಗೆ ಒಂದು ಬಾಗಿಲನ್ನು ತೆರೆದುಕೊಟ್ಟಿತು.

ಆ ಬಾಗಿಲಿನಿಂದ ಮೊದಲು ಒಳಹೊಕ್ಕವರಲ್ಲಿ ಧರ್ಮಶಾಸ್ತ್ರಜ್ಞರೇ ಪ್ರಮುಖರು. ಕೂಸಾದ ನಿಕೋಲಸನು 1440ರಲ್ಲಿ ಮುಗಿಸಿದ ತನ್ನ ಗ್ರಂಥದಲ್ಲಿ ಭೂಮಿ ವಿಶ್ವದ ಕೇಂದ್ರವಲ್ಲವೆಂದೂ ಇತರ ಆಕಾಶಕಾಯಗಳಲ್ಲಿ ನಿವಾಸಿಗಳಿರಬಹುದೆಂದೂ ಬರೆದನು. ಅವನಿಗೆ ಶಿಕ್ಷೆಯಾಗಲಿಲ್ಲ, ಮುಂದೆ ಕಾರ್ಡಿನಲ್ ಪದವಿ ದೊರಕಿತು. ಅದೇ ಶತಮಾನದ ಫ್ರಾನ್ಸಿಸ್ಕನ್ ಪಂಡಿತ ವೋರಿಲಾಂಗನ ವಿಲಿಯಂ ಇನ್ನೂ ಒಂದು ಹೆಜ್ಜೆ ಮುಂದೆ ಹೋದನು. ಬೇರೊಂದು ಲೋಕದಲ್ಲಿ ಮನುಷ್ಯರಿದ್ದರೆ ಅವರು ಆದಾಮನ ವಂಶದವರಲ್ಲ. ಹಾಗಾದರೆ ಆದಾಮನ ಪಾಪ ಅವರಿಗೆ ಅಂಟಿದೆಯೇ? ಅಂಟಿಲ್ಲ ಎಂದು ಅವನ ಉತ್ತರ. ಭೂಮಿಯ ಮೇಲೆ ಸತ್ತ ಕ್ರಿಸ್ತನು ಅವರನ್ನೂ ವಿಮೋಚಿಸಬಲ್ಲನೇ? ಬಲ್ಲನು, ಆದರೆ ಇನ್ನೊಂದು ಲೋಕಕ್ಕೆ ಹೋಗಿ ಮತ್ತೊಮ್ಮೆ ಸಾಯುವುದು ಅವನಿಗೆ ಯುಕ್ತವಲ್ಲ ಎಂದು ಅವನು ಸೇರಿಸಿದನು. ಇಪ್ಪತ್ತನೆಯ ಶತಮಾನದ ವೈಜ್ಞಾನಿಕ ಕಾದಂಬರಿಕಾರರು ಎತ್ತಿದ ಪ್ರಶ್ನೆಗಳೆಲ್ಲ ಬೀಜರೂಪದಲ್ಲಿ ಈ ಎರಡು ಪ್ರಶ್ನೆಗಳಲ್ಲೇ ಅಡಗಿವೆ. ಕಾಲ ಸದಾ ಇಷ್ಟು ಉದಾರವಾಗಿರಲಿಲ್ಲ. 1600ರ ಫೆಬ್ರುವರಿ 17ರಂದು ರೋಮ್ ನಗರದಲ್ಲಿ ಜೊರ್ಡಾನೊ ಬ್ರೂನೊವನ್ನು ಜೀವಂತ ಸುಟ್ಟಾಗ, ಅವನ ಮೇಲಿದ್ದ ಅನೇಕ ಆರೋಪಗಳಲ್ಲಿ ಅಸಂಖ್ಯ ಲೋಕಗಳ ವಾದವೂ ಒಂದಾಗಿತ್ತು.

ಶಾಸ್ತ್ರದ ಪ್ರಶ್ನೆ ಕಥೆಯ ರೂಪ ತಾಳಿದುದು ಯೋಹಾನೆಸ್ ಕೆಪ್ಲರನ ಕೈಯಲ್ಲಿ. ಟ್ಯೂಬಿಂಗನ್ನಿನಲ್ಲಿ ಧರ್ಮಶಾಸ್ತ್ರ ಓದಿ ಪಾದ್ರಿಯಾಗಬೇಕೆಂದಿದ್ದ ಈ ಲೂಥರನ್ ಭಕ್ತನು ರೇಖಾಗಣಿತವನ್ನು ದೇವರ ಮನಸ್ಸಿನ ಭಾಷೆಯೆಂದೇ ನಂಬಿದ್ದನು. ಅವನ ಮರಣಾನಂತರ 1634ರಲ್ಲಿ ಪ್ರಕಟವಾದ 'ಸೋಮ್ನಿಯಂ', ಅಂದರೆ 'ಕನಸು', ಐಸ್‌ಲೆಂಡಿನ ಯುವಕನೊಬ್ಬನ ಕಥೆ. ಅವನ ತಾಯಿಗೆ ಪರಿಚಿತವಾದ ಅದೃಶ್ಯಶಕ್ತಿಯೊಂದು ಚಂದ್ರಲೋಕದ ಸಂಗತಿಗಳನ್ನು ವಿವರಿಸುತ್ತದೆ. ಪಯಣವೇನೋ ಮಾಯೆಯದು, ಆದರೆ ಪ್ರಯಾಣಿಕನಿಗೆ ದಾರಿಯಲ್ಲಿ ಉಸಿರಾಡಲು ಒದ್ದೆಯಾದ ಸ್ಪಂಜು ಬೇಕಾಗುತ್ತದೆ. ಚಂದ್ರನ ಹಗಲು ಹದಿನಾಲ್ಕು ದಿನ, ಇರುಳು ಹದಿನಾಲ್ಕು ದಿನ. ಆ ಬಿಸಿಲು ಚಳಿಗಳಿಗೆ ತಕ್ಕಂತೆ ಅಲ್ಲಿನ ಜೀವಿಗಳು ಗುಹೆಗಳಲ್ಲಿ ಅಡಗುತ್ತವೆ, ಬೇಗ ಬೆಳೆದು ಬೇಗ ಸಾಯುತ್ತವೆ. ಪರಿಸರವೇ ಜೀವಿಯ ರೂಪವನ್ನು ನಿರ್ಧರಿಸುತ್ತದೆಂಬ ಈ ಕಲ್ಪನೆಗೆ ಕೆಪ್ಲರನು 223 ಟಿಪ್ಪಣಿಗಳನ್ನು ಜೋಡಿಸಿದನು. ಕಥೆಗಿಂತ ಟಿಪ್ಪಣಿಗಳೇ ದೊಡ್ಡವು. ಅವನ ಸ್ವಂತ ತಾಯಿ ಮಾಟಗಾತಿಯೆಂಬ ಆರೋಪದ ಮೇಲೆ 1620ರಲ್ಲಿ ಬಂಧಿತಳಾಗಿ, ಮಗನ ಪ್ರಯತ್ನದಿಂದ ಮರುವರ್ಷ ಬಿಡುಗಡೆಯಾದಳು. ಹಸ್ತಪ್ರತಿಯ ರೂಪದಲ್ಲಿ ಹರಿದಾಡಿದ ತನ್ನ ಈ ಕಥೆಯೇ ಆ ಆರೋಪಕ್ಕೆ ಇಂಬುಕೊಟ್ಟಿತೆಂಬ ಕೊರಗು ಅವನನ್ನು ಕಾಡಿತ್ತು.

ನಾಲ್ಕು ವರ್ಷಗಳ ಅನಂತರ, 1638ರಲ್ಲಿ, ಇಂಗ್ಲೆಂಡಿನಲ್ಲಿ ಎರಡು ಗ್ರಂಥಗಳು ಹೊರಬಂದವು. ಹೆರೆಫರ್ಡಿನ ಬಿಷಪನಾಗಿದ್ದು ಐದು ವರ್ಷಗಳ ಹಿಂದೆ ತೀರಿಕೊಂಡಿದ್ದ ಫ್ರಾನ್ಸಿಸ್ ಗಾಡ್ವಿನ್ ಬರೆದ 'ದಿ ಮ್ಯಾನ್ ಇನ್ ದಿ ಮೂನ್' ಕಾದಂಬರಿಯಲ್ಲಿ ಸ್ಪೇನಿನ ಡೊಮಿಂಗೊ ಗೊನ್ಸಾಲೆಸ್ ಹೆಬ್ಬಾತುಗಳು ಎಳೆಯುವ ಯಂತ್ರದಲ್ಲಿ ಕುಳಿತು ಚಂದ್ರನನ್ನು ಸೇರುತ್ತಾನೆ. ಯೇಸುವಿನ ಹೆಸರು ಕೇಳಿದೊಡನೆ ಅಲ್ಲಿನ ಜನ ಮೊಣಕಾಲೂರುತ್ತಾರೆ. ಪತಿತರಾಗದ ಲೋಕವೊಂದರ ಚಿತ್ರವನ್ನು ಬಿಷಪನು ಹೀಗೆ ಸುಲಭವಾಗಿ ಬಿಡಿಸಿದನು. ಜಾನ್ ವಿಲ್ಕಿನ್ಸನು ಕಥೆಯನ್ನು ಬಿಟ್ಟು ವಾದವನ್ನೇ ಹಿಡಿದು, ಚಂದ್ರನೂ ಒಂದು ಲೋಕವಾಗಿರಬಹುದೆಂದು ಬರೆದನು. ಅವನು ಮುಂದೆ ರಾಯಲ್ ಸೊಸೈಟಿಯ ಸ್ಥಾಪಕರಲ್ಲೊಬ್ಬನೂ ಚೆಸ್ಟರಿನ ಬಿಷಪನೂ ಆದನು. ಆ ಕಾಲದಲ್ಲಿ ದೂರದರ್ಶಕ ಮತ್ತು ಧರ್ಮಪೀಠಗಳ ನಡುವೆ ದಾಟಲಾಗದ ಗೋಡೆಯಿರಲಿಲ್ಲ ಎಂಬುದಕ್ಕೆ ವಿಲ್ಕಿನ್ಸನ ಬಾಳೇ ಸಾಕ್ಷಿ.

ಗೋಡೆ ಎದ್ದದ್ದು ಹದಿನೆಂಟನೆಯ ಶತಮಾನದ ಕೊನೆಗೆ. ಅನೇಕ ಲೋಕಗಳನ್ನೂ ಕ್ರೈಸ್ತಧರ್ಮವನ್ನೂ ಒಟ್ಟಿಗೆ ನಂಬುವವನು ಎರಡನ್ನೂ ಸರಿಯಾಗಿ ಆಲೋಚಿಸಿಲ್ಲವೆಂದು ಥಾಮಸ್ ಪೇನ್ 1794ರ 'ದಿ ಏಜ್ ಆಫ್ ರೀಸನ್' ಕೃತಿಯಲ್ಲಿ ಹಳಿದನು. ಕೋಟ್ಯಂತರ ಲೋಕಗಳ ಒಡೆಯನು ಉಳಿದೆಲ್ಲವನ್ನು ಬಿಟ್ಟು ಈ ಒಂದು ಗ್ರಹದಲ್ಲಿ ಸಾಯಲು ಬಂದನೇ, ಅಥವಾ ಒಂದೊಂದು ಲೋಕದಲ್ಲೂ ಸಾಯುತ್ತ ಹೋಗುತ್ತಾನೆಯೇ ಎಂಬುದು ಅವನ ಸವಾಲು. ಗ್ಲಾಸ್ಗೋ ನಗರದ ಪಾದ್ರಿ ಥಾಮಸ್ ಚಾಮರ್ಸನು 1817ರಲ್ಲಿ ಪ್ರಕಟಿಸಿದ ಖಗೋಳ ಪ್ರವಚನಗಳಲ್ಲಿ ಇದಕ್ಕೆ ಉತ್ತರ ಕೊಡಲೆತ್ನಿಸಿದನು. ದೂರದರ್ಶಕ ಮನುಷ್ಯನ ಅಲ್ಪತೆಯನ್ನು ತೋರಿಸಿತು ನಿಜ, ಆದರೆ ಸುಮಾರು ಅದೇ ಕಾಲದಲ್ಲಿ ಬಂದ ಸೂಕ್ಷ್ಮದರ್ಶಕವು ನೀರಿನ ಹನಿಯ ಜೀವಿಯ ರಚನೆಯಲ್ಲೂ ಅಷ್ಟೇ ಕಾಳಜಿಯಿದೆಯೆಂದು ತೋರಿಸಲಿಲ್ಲವೇ? ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ತಪ್ಪಿಹೋದ ಒಂದನ್ನು ಅರಸುವ ಕುರುಬನ ದೃಷ್ಟಾಂತದ ಬೆಳಕಿನಲ್ಲಿ ನೋಡಿದರೆ, ಭೂಮಿಗೆ ದೊರೆತ ಕೃಪೆ ಅದರ ಹಿರಿಮೆಯ ಗುರುತಾಗದೆ ಅದರ ಪತನದ ಗುರುತಾಗುತ್ತದೆ.

1853ರಲ್ಲಿ ಈ ಚರ್ಚೆ ಅನಿರೀಕ್ಷಿತ ತಿರುವು ಪಡೆಯಿತು. ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನ ಮುಖ್ಯಸ್ಥನೂ ಪಾದ್ರಿಯೂ ಆಗಿದ್ದ ವಿಲಿಯಂ ಹ್ಯೂವೆಲ್ ತನ್ನ ಹೆಸರಿಲ್ಲದೆ ಪ್ರಕಟಿಸಿದ ಗ್ರಂಥದಲ್ಲಿ, ಅನ್ಯಲೋಕಗಳಲ್ಲಿ ಬುದ್ಧಿಜೀವಿಗಳಿವೆ ಎನ್ನಲು ಪುರಾವೆಯೇ ಇಲ್ಲವೆಂದನು. ಇಷ್ಟು ವಿಶಾಲವಾದ ಆಕಾಶ ಬರಿದಾಗಿದ್ದರೆ ಅದು ವ್ಯರ್ಥಸೃಷ್ಟಿಯಾಗದೇ ಎಂಬ ಆಕ್ಷೇಪಕ್ಕೆ ಅವನು ಭೂವಿಜ್ಞಾನದಿಂದ ಉತ್ತರ ತಂದನು. ಮನುಷ್ಯ ಬರುವ ಮೊದಲು ಭೂಮಿ ಯುಗಯುಗಗಳ ಕಾಲ ಅವನಿಲ್ಲದೆ ಇತ್ತು. ಕಾಲ ಹಾಗೆ ಬರಿದಾಗಿರಬಹುದಾದರೆ ದೇಶವೂ ಏಕೆ ಬರಿದಾಗಿರಬಾರದು? ಮರುವರ್ಷವೇ ಸ್ಕಾಟ್ಲೆಂಡಿನ ಭೌತವಿಜ್ಞಾನಿ ಡೇವಿಡ್ ಬ್ರೂಸ್ಟರ್ ಅದನ್ನು ಖಂಡಿಸಿ, ದೇವರು ಏನನ್ನೂ ನಿರರ್ಥಕವಾಗಿ ಸೃಷ್ಟಿಸುವುದಿಲ್ಲವಾದ್ದರಿಂದ ಎಲ್ಲೆಡೆ ಜೀವವಿರಲೇಬೇಕೆಂದು ವಾದಿಸಿದನು. ಭಕ್ತರಾದ ಇಬ್ಬರು ವಿಜ್ಞಾನಿಗಳು ಒಂದೇ ಶ್ರದ್ಧೆಯಿಂದ ಹೊರಟು ಎದುರುಬದುರು ನಿಂತರು. ಅನ್ಯಲೋಕಗಳ ಪ್ರಶ್ನೆಯನ್ನು ಶ್ರದ್ಧೆ ಮತ್ತು ವಿಜ್ಞಾನಗಳ ಕುಸ್ತಿಯೆಂದು ಮಾತ್ರ ಕಾಣುವವರು ಈ ಪ್ರಸಂಗವನ್ನು ನೆನೆಯಬೇಕು.

ಇಪ್ಪತ್ತನೆಯ ಶತಮಾನದಲ್ಲಿ ಈ ಪರಂಪರೆಗೆ ಹೊಸ ಜೀವ ತುಂಬಿದವರು ಆಕ್ಸ್‌ಫರ್ಡಿನ ಸಾಹಿತ್ಯ ಅಧ್ಯಾಪಕ ಸಿ. ಎಸ್. ಲೂಯಿಸ್. ಬಹುಕಾಲ ನಾಸ್ತಿಕರಾಗಿದ್ದು 1931ರಲ್ಲಿ ಕ್ರೈಸ್ತಶ್ರದ್ಧೆಗೆ ಮರಳಿದ ಅವರು ಎಚ್. ಜಿ. ವೆಲ್ಸ್‌ರ ಕಥೆಗಳನ್ನು ಬಾಲ್ಯದಿಂದಲೇ ಪ್ರೀತಿಸಿದ್ದರು. ಆದರೆ ಓಲಾಫ್ ಸ್ಟೇಪಲ್ಡನ್ನರ 'ಲಾಸ್ಟ್ ಅಂಡ್ ಫಸ್ಟ್ ಮೆನ್' (1930) ಮತ್ತು ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನರ ಪ್ರಬಂಧವೊಂದು ಅವರನ್ನು ಕಳವಳಗೊಳಿಸಿದ್ದವು. ಮನುಷ್ಯಕುಲ ಗ್ರಹದಿಂದ ಗ್ರಹಕ್ಕೆ ನೆಗೆಯುತ್ತ, ಅಡ್ಡಬಂದ ಜೀವಿಗಳನ್ನು ಅಳಿಸುತ್ತ ಅಮರವಾಗುವುದೆಂಬ ಕನಸು ಧರ್ಮದ ಸ್ಥಾನವನ್ನೇ ಆಕ್ರಮಿಸುತ್ತಿದೆಯೆಂದು ಅವರಿಗೆ ತೋರಿತು. ಅವರೂ ಗೆಳೆಯ ಜೆ. ಆರ್. ಆರ್. ಟೋಲ್ಕಿನ್ನರೂ ತಮ್ಮಲ್ಲೇ ಕೆಲಸ ಹಂಚಿಕೊಂಡರು: ಲೂಯಿಸ್ ಆಕಾಶಯಾನದ ಕಥೆ ಬರೆಯುವುದು, ಟೋಲ್ಕಿನ್ ಕಾಲಯಾನದ ಕಥೆ ಬರೆಯುವುದು. ಟೋಲ್ಕಿನ್ನರ ಕಥೆ ಅಪೂರ್ಣವಾಗಿ ಉಳಿಯಿತು. ಲೂಯಿಸರ 'ಔಟ್ ಆಫ್ ದಿ ಸೈಲೆಂಟ್ ಪ್ಲಾನೆಟ್' 1938ರಲ್ಲಿ ಪ್ರಕಟವಾಯಿತು.

ಕಥಾನಾಯಕ ರ‍್ಯಾನ್ಸಮ್ ಭಾಷಾಶಾಸ್ತ್ರಜ್ಞ. ಭೌತವಿಜ್ಞಾನಿ ವೆಸ್ಟನ್ ಮತ್ತು ಹಣದಾಸೆಯ ಡಿವೈನ್ ಅವನನ್ನು ಅಪಹರಿಸಿ ಮಂಗಳಗ್ರಹಕ್ಕೆ ಒಯ್ಯುತ್ತಾರೆ. ಆ ಗ್ರಹಕ್ಕೆ ಅಲ್ಲಿನವರ ಹೆಸರು ಮಲಕಾಂದ್ರ. ಗುರುತ್ವ ಕಡಿಮೆಯಾದ್ದರಿಂದ ಅಲ್ಲಿನ ಬೆಟ್ಟ, ಗಿಡ, ಅಲೆ, ಜೀವಿಗಳೆಲ್ಲ ಎತ್ತರವಾಗಿ ಸಪೂರವಾಗಿವೆ. ಅಲ್ಲಿ ಕವಿಗಳೂ ಬೇಟೆಗಾರರೂ ಆದ ಹ್ರೋಸ್ಸರು, ಚಿಂತಕರಾದ ಸೋರ್ನರು, ಕುಶಲಕರ್ಮಿಗಳಾದ ಫಿಫ್ಲ್‌ಟ್ರಿಗ್ಗಿಗಳು ಎಂಬ ಮೂರು ಬುದ್ಧಿಜೀವಿ ಕುಲಗಳು ಪರಸ್ಪರ ಆಳದೆ, ಹೆದರದೆ ಬಾಳುತ್ತವೆ. ಅವರ ನುಡಿಯಲ್ಲಿ ಕೆಡುಕು ಎನ್ನಲು ಪದವೇ ಇಲ್ಲ. ಡೊಂಕಾದುದು ಎಂಬ ಮಾತಿನಿಂದಲೇ ರ‍್ಯಾನ್ಸಮ್ ಕೆಲಸ ಸಾಗಿಸಬೇಕು. ಪ್ರತಿಯೊಂದು ಗ್ರಹಕ್ಕೂ ಒಬ್ಬ ಅಧಿದೇವತೆಯಿದ್ದು, ಭೂಮಿಯ ಅಧಿದೇವತೆ ಮಾತ್ರ ದಂಗೆಯೆದ್ದು ಡೊಂಕಾದವನು. ಆದ್ದರಿಂದ ಉಳಿದ ಲೋಕಗಳಿಗೆ ಭೂಮಿಯಿಂದ ಸುದ್ದಿಯೇ ಬರುವುದಿಲ್ಲ, ಅದು ಮೌನಗ್ರಹ. ವೆಲ್ಸ್‌ರ ಕಥೆಯಲ್ಲಿ ಭೂಮಿಯ ಮೇಲೆ ದಾಳಿಯಿಡುವವರು ಮಂಗಳವಾಸಿಗಳು. ಲೂಯಿಸರಲ್ಲಿ ವಿಕೃತಿ ಹೊರಡುವುದು ಭೂಮಿಯಿಂದ.

ಕಾದಂಬರಿಯ ಹೃದಯವಿರುವುದು ಒಂದು ಭಾಷಾಂತರದ ದೃಶ್ಯದಲ್ಲಿ. ಅಧಿದೇವತೆಯ ಸಭೆಯಲ್ಲಿ ವೆಸ್ಟನ್ ಮನುಷ್ಯನ ನಾಗರಿಕತೆ, ವಿಜ್ಞಾನ, ಸಾರಿಗೆಗಳನ್ನು ಹೊಗಳಿ, ಮೇಲ್ಮಟ್ಟದ ಜೀವ ಕೆಳಮಟ್ಟದ್ದನ್ನು ತಳ್ಳಿಹಾಕುವ ಹಕ್ಕನ್ನು ಘೋಷಿಸುತ್ತಾನೆ. ರ‍್ಯಾನ್ಸಮ್ ಅದನ್ನು ಮಲಕಾಂದ್ರದ ನುಡಿಗೆ ತಿರುಗಿಸಬೇಕು. ಆ ನುಡಿಯಲ್ಲಿ ಆಡಂಬರದ ಪದಗಳಿಲ್ಲ. ಸಾರಿಗೆ ವ್ಯವಸ್ಥೆಯೆಂಬುದು ಭಾರವಾದ ವಸ್ತುಗಳನ್ನು ದೂರಕ್ಕೆ ಬೇಗ ಹೊರುವುದಾಗುತ್ತದೆ, ಪ್ರಗತಿಯ ಹಕ್ಕೆಂಬುದು ಕೊಲೆಯಾಗುತ್ತದೆ. ಬೈಬಲ್ಲಿನ ಒಂದು ವಾಕ್ಯವನ್ನೂ ಉದ್ಧರಿಸದೆ ಲೂಯಿಸ್ ಇಲ್ಲಿ ಧರ್ಮನಿರ್ಣಯ ಮಾಡಿದ್ದಾರೆ. ಸರಳ ಭಾಷೆಗೆ ತಿರುಗಿಸಿದಾಗ ನಾಚಿಕೆ ಹುಟ್ಟಿಸುವ ತತ್ತ್ವ ತತ್ತ್ವವೇ ಅಲ್ಲ ಎಂಬುದು ಆ ದೃಶ್ಯದ ಧ್ವನಿ.

1943ರ 'ಪೆರೆಲಾಂದ್ರ' ಶುಕ್ರಗ್ರಹದ ಕಥೆ. ತೇಲುವ ದ್ವೀಪಗಳ ಆ ಸಾಗರಲೋಕದಲ್ಲಿ ಹಸಿರು ಮೈಯ ಆದಿಸ್ತ್ರೀಯೊಬ್ಬಳಿದ್ದಾಳೆ. ಸ್ಥಿರಭೂಮಿಯಲ್ಲಿ ರಾತ್ರಿ ಕಳೆಯಬಾರದೆಂಬುದು ಅವಳಿಗಿರುವ ಒಂದೇ ನಿಷೇಧ. ಏದೆನ್ ತೋಟದ ಕಥೆ ಇನ್ನೊಮ್ಮೆ ನಡೆಯುತ್ತದೆ, ಆದರೆ ಇಲ್ಲಿ ಪತನ ತಪ್ಪುತ್ತದೆ. ವೋರಿಲಾಂಗನ ಪ್ರಶ್ನೆಗೆ ಲೂಯಿಸ್ ಕೊಟ್ಟ ಉತ್ತರವೂ ಇದರಲ್ಲೇ ಇದೆ. ಮನುಷ್ಯಾವತಾರ ಒಮ್ಮೆ ಮಾತ್ರ, ಭೂಮಿಯಲ್ಲಿ ಮಾತ್ರ ನಡೆದದ್ದು. ಆದರೆ ಅದರ ಫಲ ವಿಶ್ವವ್ಯಾಪಿ. ಆದ್ದರಿಂದಲೇ ಹಳೆಯ ಮಂಗಳದಲ್ಲಿ ನಾನಾ ಆಕಾರದ ಬುದ್ಧಿಜೀವಿಗಳಿದ್ದರೆ, ಎಳೆಯ ಶುಕ್ರದಲ್ಲಿ ಬುದ್ಧಿ ಮನುಷ್ಯರೂಪವನ್ನೇ ತಾಳಿದೆ.

ಲೂಯಿಸರ ಈ ಕಥೆಗಳನ್ನು ಅತ್ಯಂತ ತೀಕ್ಷ್ಣವಾಗಿ ವಿಮರ್ಶಿಸಿದವರು ಹಾಲ್ಡೇನರೇ. ಗ್ರಹಗಳ ವರ್ಣನೆಯಲ್ಲಿ ವೈಜ್ಞಾನಿಕ ತಪ್ಪುಗಳಿವೆ, ವಿಜ್ಞಾನಿಗಳನ್ನು ದುಷ್ಟರನ್ನಾಗಿ ಚಿತ್ರಿಸಲಾಗಿದೆ ಎಂದು ಅವರು 1946ರಲ್ಲಿ ಬರೆದರು. ತಮ್ಮ ಗುರಿ ವಿಜ್ಞಾನವಲ್ಲ, ವಿಜ್ಞಾನದ ಹೆಸರಿನಲ್ಲಿ ನಡೆಯುವ ಒಂದು ಬಗೆಯ ಮೂರ್ತಿಪೂಜೆ ಎಂಬ ಲೂಯಿಸರ ಉತ್ತರ ಅವರ ಜೀವಿತಕಾಲದಲ್ಲಿ ಪ್ರಕಟವಾಗಲಿಲ್ಲ. ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, ಇಲ್ಲಿನ ಪೌರತ್ವ ಪಡೆದು 1964ರಲ್ಲಿ ಭುವನೇಶ್ವರದಲ್ಲಿ ನಿಧನರಾದರು. ವಿಜ್ಞಾನದ ಮಟ್ಟಿಗೆ ಹಾಲ್ಡೇನರ ಆಕ್ಷೇಪ ಸರಿಯಾಗಿಯೇ ಇತ್ತು. 1962ರಲ್ಲಿ ಶುಕ್ರನ ಬಳಿ ಹಾದುಹೋದ ಮ್ಯಾರಿನರ್ 2 ನೌಕೆ ಅಲ್ಲಿರುವುದು ಸಾಗರವಲ್ಲ, ಸುಡುವ ಕುಲುಮೆ ಎಂದು ತಿಳಿಸಿತು. 1965ರಲ್ಲಿ ಮ್ಯಾರಿನರ್ 4 ಮಂಗಳದ ಕುಳಿಬಿದ್ದ ಮರುಭೂಮಿಯ ಚಿತ್ರಗಳನ್ನು ಕಳುಹಿಸಿತು. ಆದರೆ ವೆಸ್ಟನ್ನನ ಭಾಷಣಕ್ಕೆ ಈ ಶೋಧಗಳಿಂದ ಯಾವ ಬಾಧೆಯೂ ಬರಲಿಲ್ಲ, ಏಕೆಂದರೆ ಅದು ಮಂಗಳದ ಬಗೆಗಿನ ಮಾತಾಗಿರದೆ ಭೂಮಿಯ ಬಗೆಗಿನ ಮಾತಾಗಿತ್ತು.

ಈ ಭೂಮಿಯ ನೆನಪು ಯಾವುದೆಂಬುದನ್ನು ಬಿಡಿಸಿ ನೋಡಬೇಕು. ಅಮೆರಿಕದ ಮೂಲನಿವಾಸಿಗಳು ವಿವೇಕವುಳ್ಳ ಮನುಷ್ಯರೇ, ಅವರ ಸ್ವಾತಂತ್ರ್ಯವನ್ನೂ ಆಸ್ತಿಯನ್ನೂ ಕಸಿಯಕೂಡದು ಎಂದು ಪೋಪ್ ಮೂರನೆಯ ಪೌಲ್ 1537ರಲ್ಲಿ ಘೋಷಿಸಬೇಕಾಯಿತು. 1550-51ರಲ್ಲಿ ಸ್ಪೇನಿನ ವಯ್ಯಾದೊಲಿದ್ ನಗರದಲ್ಲಿ ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಮೂಲನಿವಾಸಿಗಳ ಪರವಾಗಿಯೂ ಸೆಪುಲ್ವೇದ ವಿಜೇತರ ಪರವಾಗಿಯೂ ವಾದಿಸಿದರು. ಸಮುದ್ರದಾಚೆಯ ಅಪರಿಚಿತರಿಗೆ ಆತ್ಮವಿದೆಯೇ, ಅವರ ಮೇಲೆ ತಮಗೇನು ಹಕ್ಕು ಎಂದು ಯೂರೋಪು ಒಮ್ಮೆ ಕೇಳಿಕೊಂಡಿತ್ತು. ಅದಕ್ಕೆ ಬಂದ ಉತ್ತರಗಳ ರಕ್ತಸಿಕ್ತ ಚರಿತ್ರೆ ಎಲ್ಲರಿಗೂ ಗೊತ್ತಿತ್ತು. 1958ರ ಒಂದು ಪ್ರಬಂಧದಲ್ಲಿ ಲೂಯಿಸ್, ಅನ್ಯಲೋಕಗಳಲ್ಲಿ ಜೀವಿಗಳಿದ್ದರೂ ಅವುಗಳಿಗೆ ವಿವೇಕಾತ್ಮವಿದೆಯೇ, ಅವು ಪತಿತವೇ, ಪತಿತವಾದರೆ ಅವಕ್ಕೆ ವಿಮೋಚನೆ ನಿರಾಕರಿಸಲ್ಪಟ್ಟಿದೆಯೇ ಎಂಬುದಾವುದೂ ತಿಳಿಯದೆ ಯಾರೂ ಗಾಬರಿಯಾಗಬೇಕಿಲ್ಲ ಎಂದರು. ಅವರಿಗಿದ್ದ ಭಯ ಬೇರೆಯದು. ಮನುಷ್ಯರು ತಮ್ಮವರಿಗೇ ಮಾಡಿದ್ದನ್ನು ಅಲ್ಲಿಯೂ ಮಾಡುವರು. ಗ್ರಹಗ್ರಹಗಳ ನಡುವಿನ ಅಪಾರ ದೂರ ದೇವರೇ ವಿಧಿಸಿದ ಪ್ರತಿಬಂಧವಿರಬಹುದೆಂದು ಅವರು ಊಹಿಸಿದರು.

ಯುದ್ಧಾನಂತರದ ವೈಜ್ಞಾನಿಕ ಕಥೆಗಳಲ್ಲಿ ಈ ಪ್ರಶ್ನೆ ಮತ್ತೆಮತ್ತೆ ಮರಳಿತು. ರೇ ಬ್ರ್ಯಾಡ್‌ಬರಿಯವರ 'ದಿ ಫೈರ್ ಬಲೂನ್ಸ್' (1951) ಕಥೆಯಲ್ಲಿ ಮಂಗಳಕ್ಕೆ ಬಂದ ಪಾದ್ರಿಗಳು ನೀಲಿ ಬೆಳಕಿನ ಗೋಲಗಳಂತಹ ಜೀವಿಗಳನ್ನು ಕಂಡು ಅವಕ್ಕಾಗಿ ಗುಡಿ ಕಟ್ಟುತ್ತಾರೆ. ದೇಹವನ್ನು ಎಂದೋ ತೊರೆದ ಆ ಜೀವಿಗಳಿಗೆ ಪಾಪವೂ ಇಲ್ಲ, ಗುಡಿಯೂ ಬೇಕಿಲ್ಲ. ಹ್ಯಾರಿ ಹ್ಯಾರಿಸನ್ನರ 'ದಿ ಸ್ಟ್ರೀಟ್ಸ್ ಆಫ್ ಆಶ್ಕೆಲಾನ್' (1962) ಕಠೋರವಾದುದು. ಕೇಳಿದ್ದನ್ನೆಲ್ಲ ಪ್ರಯೋಗದಿಂದ ಪರೀಕ್ಷಿಸುವ ಮುಗ್ಧ ಜೀವಿಗಳು, ಪುನರುತ್ಥಾನದ ಬೋಧನೆ ನಿಜವೇ ಎಂದು ತಿಳಿಯಲು ಪಾದ್ರಿಯನ್ನೇ ಶಿಲುಬೆಗೇರಿಸುತ್ತವೆ. ಮೂರು ದಿನಗಳಾದರೂ ಅವನು ಏಳುವುದಿಲ್ಲ. ಪಾಪವೇ ಇಲ್ಲದಿದ್ದ ಲೋಕ ಮೊದಲ ಬಾರಿಗೆ ಕೊಲೆಗಾರರ ಲೋಕವಾಗುತ್ತದೆ.

ಆರ್ಥರ್ ಸಿ. ಕ್ಲಾರ್ಕರ 'ದಿ ಸ್ಟಾರ್' (1955) ಕಥೆಯ ನಿರೂಪಕ ಜೆಸ್ವಿಟ್ ಖಗೋಳವಿಜ್ಞಾನಿ. ಸ್ಫೋಟಿಸಿದ ತಾರೆಯೊಂದರ ಅವಶೇಷದಲ್ಲಿ, ನಾಶವಾದ ಸುಂದರ ನಾಗರಿಕತೆಯೊಂದು ಬಿಟ್ಟುಹೋದ ಸಂಪತ್ತನ್ನು ಅವನ ತಂಡ ಕಾಣುತ್ತದೆ. ಸ್ಫೋಟದ ಕಾಲವನ್ನು ಲೆಕ್ಕಹಾಕಿದಾಗ ಅದೇ ಬೆತ್ಲೆಹೇಮಿನ ಮೇಲೆ ಬೆಳಗಿದ ತಾರೆಯೆಂದು ತಿಳಿಯುತ್ತದೆ. 1604ರ ನವತಾರೆಯನ್ನು ಕಂಡ ಕೆಪ್ಲರನೂ ಬೆತ್ಲೆಹೇಮಿನ ತಾರೆಯ ಕಾಲನಿರ್ಣಯಕ್ಕೆ ತೊಡಗಿದ್ದನೆಂಬುದು ಇಲ್ಲಿ ಸ್ಮರಣೀಯ. ಅಂದು ಭಕ್ತಿಯಿಂದ ಮಾಡಿದ ಲೆಕ್ಕ ಇಂದು ಭಕ್ತಿಯ ಬುಡವನ್ನೇ ಅಲ್ಲಾಡಿಸಿತು.

ಶಾಸ್ತ್ರದ ದೃಷ್ಟಿಯಿಂದ ಅತ್ಯಂತ ಬಿಗಿಯಾದ ಕೃತಿ ಜೇಮ್ಸ್ ಬ್ಲಿಶ್ ಬರೆದ 'ಎ ಕೇಸ್ ಆಫ್ ಕಾನ್ಷಿಯೆನ್ಸ್' (1958). ಲೇಖಕರು ಶ್ರದ್ಧಾವಂತರಲ್ಲ, ಅಜ್ಞೇಯವಾದಿ. ಕಥಾನಾಯಕ ರೂಯಿಸ್-ಸಾಂಚೆಸ್ ಮಾತ್ರ ಜೆಸ್ವಿಟ್ ಪಾದ್ರಿ, ಜೊತೆಗೆ ಜೀವವಿಜ್ಞಾನಿ. ಲಿಥಿಯಾ ಗ್ರಹದ ಸರೀಸೃಪರೂಪಿ ಜನರಲ್ಲಿ ಅಪರಾಧವಿಲ್ಲ, ಸುಳ್ಳಿಲ್ಲ. ಕ್ರೈಸ್ತನೀತಿಯನ್ನು ಅವರು ಚಾಚೂ ತಪ್ಪದೆ ಪಾಲಿಸುತ್ತಾರೆ. ಆದರೆ ಅವರಿಗೆ ದೇವರೆಂಬ ಕಲ್ಪನೆಯೇ ಇಲ್ಲ. ದೇವರಿಲ್ಲದೆಯೂ ಪೂರ್ಣನೀತಿ ಸಾಧ್ಯವೆಂದು ಸಾರಲು ಸೈತಾನನೇ ಈ ಲೋಕವನ್ನು ರಚಿಸಿದನೆಂಬ ಭೀಕರ ತೀರ್ಮಾನಕ್ಕೆ ಪಾದ್ರಿ ಬರುತ್ತಾನೆ. ಅದು ಅವನಿಗೇ ಉರುಳಾಗುತ್ತದೆ. ಸೈತಾನನಿಗೆ ಸೃಷ್ಟಿಶಕ್ತಿಯಿದೆ ಎನ್ನುವುದು ಮಾನಿಯ ಮತದ ಪಾಷಂಡವಾದ. ಕೊನೆಗೆ ಪೋಪ್‌ನ ಸೂಚನೆಯಂತೆ ಅವನು ಇಡೀ ಗ್ರಹದ ಮೇಲೆ ಭೂತೋಚ್ಚಾಟನೆಯ ಮಂತ್ರ ಪಠಿಸುತ್ತಾನೆ. ಅದೇ ಹೊತ್ತಿಗೆ ಅಲ್ಲಿ ಬಾಂಬಿಗಾಗಿ ಲಿಥಿಯಂ ಬಗೆಯಲು ಹೊರಟ ಭೌತವಿಜ್ಞಾನಿ ಕ್ಲೀವರನ ಪ್ರಯೋಗ ತಪ್ಪಿ ಗ್ರಹವೇ ಸಿಡಿದುಹೋಗುತ್ತದೆ. ಕಾರಣ ಮಂತ್ರವೇ, ಪ್ರಯೋಗವೇ? ಬ್ಲಿಶ್ ಎರಡನ್ನೂ ತೆರೆದೇ ಬಿಟ್ಟಿದ್ದಾರೆ. ಆದರೆ ಎರಡು ವ್ಯಾಖ್ಯಾನಗಳಲ್ಲೂ ಒಂದು ಸಂಗತಿ ಬದಲಾಗುವುದಿಲ್ಲ: ಯಾರಿಗೂ ಕೇಡು ಬಗೆಯದ ಒಂದು ಜನಾಂಗ ಮನುಷ್ಯರ ದೆಸೆಯಿಂದ ಇಲ್ಲವಾಯಿತು.

ಈ ನೋವನ್ನೇ ಕೇಂದ್ರವಾಗಿಟ್ಟುಕೊಂಡ ಕಾದಂಬರಿ ಮೇರಿ ಡೋರಿಯಾ ರಸೆಲ್ ಅವರ 'ದಿ ಸ್ಪ್ಯಾರೋ' (1996). ಲೇಖಕಿ ಮಾನವಶಾಸ್ತ್ರಜ್ಞೆ. ಕ್ಯಾಥೊಲಿಕರಾಗಿ ಬೆಳೆದು, ಆ ಶ್ರದ್ಧೆಯನ್ನು ತೊರೆದು, ಮುಂದೆ ಯೆಹೂದ್ಯ ಧರ್ಮವನ್ನು ಸ್ವೀಕರಿಸಿದವರು. ಕೊಲಂಬಸನ ಯಾನದ ಐನೂರನೆಯ ವರ್ಷದಲ್ಲಿ, ಅಂದಿನ ಯಾತ್ರಿಕರು ಮಾಡಿದ ತಪ್ಪನ್ನು ಇಂದಿನ ಸಜ್ಜನರು ಮಾಡದಿರುವರೇ ಎಂಬ ಪ್ರಶ್ನೆಯಿಂದ ಈ ಕೃತಿ ಮೊಳೆಯಿತು. ಅರೆಸಿಬೊ ದೂರದರ್ಶಕಕ್ಕೆ ಆಲ್ಫಾ ಸೆಂಟಾರಿಯ ದಿಕ್ಕಿನಿಂದ ಗಾಯನವೊಂದು ಕೇಳಿಸುತ್ತದೆ. ರಾಷ್ಟ್ರಗಳು ಚರ್ಚಿಸುತ್ತಿರುವಾಗಲೇ ಜೆಸ್ವಿಟರು ತಂಡವೊಂದನ್ನು ಕಳುಹಿಸುತ್ತಾರೆ. ತಂಡದ ಭಾಷಾವಿದ ಎಮಿಲಿಯೊ ಸಾಂದೊಸ್ ಪಾದ್ರಿ. ಹೋದಲ್ಲಿನ ನುಡಿಯನ್ನು ಮೊದಲು ಕಲಿಯುವ ಜೆಸ್ವಿಟ್ ಪರಂಪರೆ ಭಾರತಕ್ಕೂ ಹೊಸದಲ್ಲ. ಗೋವೆಯಲ್ಲಿ ನೆಲೆಸಿ ಕ್ರಿಸ್ತಪುರಾಣವನ್ನು ರಚಿಸಿದ, ಕೊಂಕಣಿಗೆ ವ್ಯಾಕರಣ ಬರೆದ ಥಾಮಸ್ ಸ್ಟೀಫನ್ಸನು ಆ ಸಭೆಗೇ ಸೇರಿದವನು. ಸಾಂದೊಸ್ ಅಂತಹವರ ಕಾಲ್ಪನಿಕ ವಾರಸುದಾರ.

ರಖಾತ್ ಎಂಬ ಆ ಗ್ರಹದಲ್ಲಿ ಎರಡು ಕುಲಗಳಿವೆ. ದುಡಿಯುವ ಸೌಮ್ಯ ರೂನರು ಮತ್ತು ಅವರನ್ನು ಆಳುವ ಜನಾತರು. ಅತಿಥಿಗಳು ಯಾರಿಗೂ ನೋವು ಮಾಡದೆ ತಮ್ಮ ಆಹಾರಕ್ಕಾಗಿ ಒಂದು ಕೈತೋಟ ಮಾಡುತ್ತಾರೆ. ರೂನರೂ ಅದನ್ನು ಅನುಕರಿಸುತ್ತಾರೆ. ಹೊಟ್ಟೆ ತುಂಬಿದ ರೂನರಲ್ಲಿ ಅನುಮತಿಯಿಲ್ಲದೆ ಶಿಶುಗಳು ಹುಟ್ಟುತ್ತವೆ. ಆಗ ಜನಾತರು ಬಂದು ಆ ಶಿಶುಗಳನ್ನು ಕೊಲ್ಲುತ್ತಾರೆ. ರೂನರು ಆಳುವವರ ಆಹಾರವೂ ಹೌದು, ಅವರ ಸಂಖ್ಯೆ ಲೆಕ್ಕಹಾಕಿ ಇಟ್ಟದ್ದು ಎಂಬ ಸತ್ಯ ಆಗ ಹೊರಬರುತ್ತದೆ. ಕತ್ತಿ ಹಿಡಿದ ವಿಜೇತನಿಂದ ಆಗದ ಅನಾಹುತ ಒಂದು ಕೈತೋಟದಿಂದ ಆಗುತ್ತದೆ. ಗಾಯನವನ್ನು ಅರಸಿ ಬಂದ ಸಾಂದೊಸ್ ಆ ಗಾಯಕನ ಮನೆಯಲ್ಲೇ ಹೇಳಲಾಗದ ಹಿಂಸೆಗೆ ಗುರಿಯಾಗಿ, ಒಬ್ಬನೇ ಭೂಮಿಗೆ ಮರಳುತ್ತಾನೆ. ದೇವರೇ ಅವನನ್ನು ಕರೆದೊಯ್ದಿದ್ದರೆ ಆ ದೇವರು ಕ್ರೂರಿ, ಕರೆದೊಯ್ಯದಿದ್ದರೆ ತಾನು ಭ್ರಾಂತ ಎಂಬ ಇಕ್ಕಟ್ಟಿನಲ್ಲಿ ಅವನು ಸಿಲುಕುತ್ತಾನೆ. ಶೀರ್ಷಿಕೆ ಮತ್ತಾಯನ ಸುವಾರ್ತೆಯ ಗುಬ್ಬಚ್ಚಿಯನ್ನು ನೆನಪಿಸುತ್ತದೆ. ತಂದೆಗೆ ತಿಳಿಯದೆ ಅದು ಬೀಳುವುದಿಲ್ಲ, ಆದರೂ ಬೀಳುತ್ತದೆ. ರಸೆಲ್ ಇದಕ್ಕೆ ಪರಿಹಾರ ಸೂಚಿಸುವುದಿಲ್ಲ. ಮಾತನಾಡಲು ನಿರಾಕರಿಸಿದ ಪಾದ್ರಿಯ ಬಾಯಿಂದ ಸತ್ಯ ಹೊರಡುವವರೆಗೆ ಅವನ ಸಹೋದರರು ಕುಳಿತು ಕೇಳಿಸಿಕೊಳ್ಳುವುದೇ ಅಲ್ಲಿನ ಒಂದೇ ಸಾಂತ್ವನ.

ಕಲ್ಪನೆಯ ಲೋಕ ಈಚೆಗೆ ಗಣನೆಯ ಲೋಕವಾಗಿದೆ. 1995ರಲ್ಲಿ ಮಿಶೆಲ್ ಮೇಯರ್ ಮತ್ತು ಡಿಡಿಯೆ ಕೆಲೋ ಸೂರ್ಯನಂತಹ ನಕ್ಷತ್ರವೊಂದರ ಸುತ್ತ ಗ್ರಹವನ್ನು ಪತ್ತೆಹಚ್ಚಿದ ಅನಂತರ, 2022ರ ಹೊತ್ತಿಗೆ ಅಂತಹ ಗ್ರಹಗಳ ಸಂಖ್ಯೆ 5,000 ದಾಟಿತು. ಪೋಪ್ ಹದಿಮೂರನೆಯ ಲಿಯೋ 1891ರಲ್ಲಿ ಮರುಸ್ಥಾಪಿಸಿದ ವ್ಯಾಟಿಕನ್ ವೀಕ್ಷಣಾಲಯದ ನಿರ್ದೇಶಕರಾಗಿದ್ದ ಜೆಸ್ವಿಟ್ ಖಗೋಳವಿಜ್ಞಾನಿ ಹೋಸೆ ಫ್ಯೂನೆಸ್ 2008ರಲ್ಲಿ ಅನ್ಯಲೋಕವಾಸಿಯನ್ನು ಸಹೋದರನೆಂದು ಕರೆಯಲು ಅಡ್ಡಿಯಿಲ್ಲವೆಂದರು. ತಾಂಪಿಯೆಯ ಆಜ್ಞೆಯಿಂದ ಈ ಮಾತಿನವರೆಗಿನ ದಾರಿ ಏಳು ಶತಮಾನಗಳಿಗೂ ಉದ್ದವಾದುದು.

ಈ ದಾರಿಯುದ್ದಕ್ಕೂ ಪ್ರಶ್ನೆಯ ಮುಖ ಮೆಲ್ಲಗೆ ತಿರುಗಿರುವುದನ್ನು ಕಾಣಬಹುದು. ಅವರಿಗೆ ಆತ್ಮವಿದೆಯೇ, ಪಾಪವಿದೆಯೇ ಎಂದು ಮೊದಲು ಕೇಳಿದವರು ತಮ್ಮ ಆತ್ಮ, ತಮ್ಮ ಪಾಪಗಳ ಬಗ್ಗೆ ನಿಶ್ಚಿಂತರಾಗಿದ್ದರು. ಲೂಯಿಸ್, ಬ್ಲಿಶ್, ರಸೆಲ್‌ರ ಕೃತಿಗಳಲ್ಲಿ ಆ ನಿಶ್ಚಿಂತೆ ಉಳಿದಿಲ್ಲ. ಪರೀಕ್ಷೆಗೆ ಒಳಗಾಗುವವರು ಅಲ್ಲಿನವರಲ್ಲ, ಇಲ್ಲಿಂದ ಹೋದವರು. ವಿಜ್ಞಾನ ಈ ಕಥೆಗಳಿಗೆ ಗ್ರಹಗಳನ್ನು ಕೊಟ್ಟಿತು, ಅವುಗಳ ಗುರುತ್ವ, ದೂರ, ಜೀವಿಗಳ ಆಕಾರಗಳನ್ನು ಕೊಟ್ಟಿತು. ತಾನು ನೆಟ್ಟಗಿದ್ದೇನೆಯೇ, ಡೊಂಕಾಗಿದ್ದೇನೆಯೇ ಎಂದು ಹೋದವನು ಕೇಳಿಕೊಳ್ಳಬೇಕಾದ ಅಳತೆಗೋಲನ್ನು ಶ್ರದ್ಧೆ ಕೊಟ್ಟಿತು. ಈ ಎರಡರಲ್ಲಿ ಯಾವುದನ್ನು ಬಿಟ್ಟಿದ್ದರೂ ಮಲಕಾಂದ್ರದ ಸಭೆಯಲ್ಲಿ ರ‍್ಯಾನ್ಸಮ್ ಮಾಡಿದ ಆ ಭಾಷಾಂತರ ಸಾಧ್ಯವಾಗುತ್ತಿರಲಿಲ್ಲ.